ನೋವಲ್ಲ, ಅಲೆ

ಹೆರಿಗೆ ವಾರ್ಡಿನ ಹೊರಗೆ ತಂಗಿಯ ಸುದ್ದಿಗಾಗಿ ಕಾಯುತ್ತ ಕೂತಿದ್ದ ಬಸ್ ಕಂಡಕ್ಟರ್ ಹೆಂಗಸಿನ ಮೇಲೆ, ಪಕ್ಕದ ಗಂಡಸಿನ ಬಾಯಿಂದ ಮೊದಲು ಬಿದ್ದದ್ದು ಬಿಸ್ಕತ್ತಿನ ಪುಡಿ, ಆಮೇಲೆ ಮಾತು. ಅವನ ಆಚೆ ತುಂಬು ಬಸುರಿ ಹೆಂಡತಿ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

“ರೀ, ನೋವು ಜಾಸ್ತಿಯಾಗ್ತಿದೆ.”

“ನೋವು ಅನ್ನಬೇಡ ಕಣೇ, ಅಲೆ ಅನ್ನು. ಹೆರಿಗೆ ಕ್ಲಾಸಲ್ಲಿ ಏನ್ ಹೇಳ್ಕೊಟ್ರು?”

“ಅಲೆನೋ ಮಣ್ಣೋ, ಸೊಂಟ ಮುರೀತಿದೆ. ಇಂಜೆಕ್ಷನ್ ಹಾಕಿಸಿಬಿಡಿ.”

“ಥೂ, ಈಗ ಸೋಲ್ತೀಯಾ? ನಾವು ಇಂಜೆಕ್ಷನ್ ಇಲ್ದೆ ನ್ಯಾಚುರಲ್ಲಾಗೇ ಮಾಡ್ಕೊಳ್ತೀವಿ ಅಂತ ಆಫೀಸಿಗೆಲ್ಲ ಡಂಗುರ ಸಾರಿದ್ದೀನಿ.”

“ನಾವು ಅಂದ್ರೆ ಯಾರ್ಯಾರು?”

“ಇಬ್ಬರೂ ಕಣೇ! ನಾನೂ ನಿನ್ನ ಜೊತೆ ಕೂತು ಉಸಿರಾಟ ಕಲಿತಿಲ್ವಾ? ನೋವು ತಡೆಯೋ ಅಭ್ಯಾಸಕ್ಕೆ ಅಂತ ಕೈಯಲ್ಲಿ ಐಸ್ ಹಿಡಿಸಿದ್ರಲ್ಲ, ಅದನ್ನ ನೆನಪಿಸ್ಕೋ.”

“ಕರಗೋ ತನಕ ಹಿಡ್ಕೊಂಡಿದ್ದು ನಾನು. ನೀವು ಕೈ ಮರಗಟ್ತು ಅಂತ ಪಕ್ಕದವರ ಕಾಲ್ಮೇಲೆ ಎಸೆದ್ರಿ.”

“ಅದು ಜಾರಿತು.” ಅವನು ಬೆರಳು ನೆಕ್ಕಿ ಇನ್ನೊಂದು ಬಿಸ್ಕತ್ತು ತೆಗೆದ. “ಉಸಿರು ಬಿಡು. ಹೂಂ, ನಿಧಾನಕ್ಕೆ.”

ಕಂಡಕ್ಟರ್ ಹೇಸಿಕೊಂಡು ಅತ್ತ ಸರಿದು ಕೂತಳು.

ಒಳಗಿನಿಂದ ನರ್ಸ್ ಬಂದಳು. “ಬಾಮ್ಮಾ ಒಳಗೆ. ನೋವು ಕಮ್ಮಿ ಮಾಡೋ ಇಂಜೆಕ್ಷನ್ ಬೇಕೇನಮ್ಮಾ?”

“ಬೇಡ ಸಿಸ್ಟರ್,” ಅಂದ ಗಂಡ, ಬಾಯಿ ತುಂಬ ಬಿಸ್ಕತ್ತಿಟ್ಟುಕೊಂಡೇ.

ಹೆಂಡತಿ ಎದ್ದು ನರ್ಸಿನ ಭುಜ ಹಿಡಿದಳು. “ಅವರಿಗೆ ಬೇಡವಂತೆ ಸಿಸ್ಟರ್. ನನಗೆ ಹಾಕಿ.”

ಅವರಿಬ್ಬರ ಹಿಂದೆ ಬಾಗಿಲು ಮುಚ್ಚಿತು.

“ನೋಡಿದ್ರಾ ಮೇಡಂ, ಇಷ್ಟು ದಿನ ಪಟ್ಟ ಕಷ್ಟವೆಲ್ಲ ನೀರುಪಾಲು,” ಅಂದ ಅವನು.

ಕಂಡಕ್ಟರ್ ಸಮವಸ್ತ್ರದ ಮೇಲಿನ ಪುಡಿ ಕೊಡವಿಕೊಂಡು ಎದ್ದು, ಎದುರು ಗೋಡೆಗೆ ಒರಗಿ ನಿಂತಳು.