ಅಂಟುವ ವಾಲ್ವು, ಹೃಷಿಕೇಶರ ಕೈ

ಹೆಸರು: ನಮ್ರತಾ ಕಲ್ಕೂರ. ವಯಸ್ಸು: 34. ಉದ್ಯೋಗ: ಗಾಳಿ ಒತ್ತಡದ ವಾಲ್ವ್ ತಯಾರಿಸುವ ಕಾರ್ಖಾನೆಯಲ್ಲಿ ತಪಾಸಣೆ ಎಂಜಿನಿಯರ್. ವಾಸ: ಚುವೊ ವಾರ್ಡ್, ಹಮಾಮತ್ಸು.

ದುಭಾಷಿಯ ಎದುರು ಪೊಲೀಸರಿಗೆ ಕನ್ನಡದಲ್ಲಿ ಹೇಳಿ ಬರೆಸುವುದೇನೆಂದರೆ, ನನ್ನ ಸಹೋದ್ಯೋಗಿ ಹೃಷಿಕೇಶ ಅವರ ಬಲಗೈ ಜಜ್ಜಿಹೋದದ್ದು ಅವರದೇ ಅಜಾಗರೂಕತೆಯಿಂದ ಎಂದು ನಮ್ಮ ವಿಭಾಗದ ಮುಖ್ಯಸ್ಥ ಉದಯ್ ಶಾನಭಾಗ ಹೇಳಿರುವುದು ಶುದ್ಧ ಸುಳ್ಳು.

ನಮ್ಮ ಶೋರೂಮಿನಲ್ಲಿ ಗಿರಾಕಿಗಳಿಗೆ ತೋರಿಸಲೆಂದು ಒಂದು ಸಣ್ಣ ಪ್ರೆಸ್ ಇದೆ. ಗಾಳಿಯ ಒತ್ತಡಕ್ಕೆ ಅದರ ಉಕ್ಕಿನ ತಟ್ಟೆ ಕೆಳಗಿಳಿಯುತ್ತದೆ. ಅದರ ಕೆಳಗೆ ಯಾರಾದರೂ ಕೈ ಇಟ್ಟರೆ ವಾಲ್ವ್ ತೆರೆದು ಗಾಳಿ ಹೊರಹೋಗಿ, ತಟ್ಟೆ ತಕ್ಷಣ ಮೇಲೇಳಬೇಕು. ಪ್ರತಿ ಸಲವೂ ಉದಯ್ ಸರ್ ಹೃಷಿಕೇಶರ ಕೈಯನ್ನೇ ಇಡಿಸುತ್ತಿದ್ದರು.

ಮೇ 12ರ ಸೋಮವಾರ ಗಾಳಿ ಒಣಗಿಸುವ ಯಂತ್ರ ಕೆಟ್ಟು ಪೈಪಿಗೆ ನೀರು ಸೇರಿತ್ತು. ಪ್ರೆಸ್ಸಿನ ವಾಲ್ವ್ ಅಂಟಿಕೊಳ್ಳುತ್ತಿತ್ತು. ಬೆಳಿಗ್ಗೆ 9ಕ್ಕೆ ನಾನೇ ಪರೀಕ್ಷಿಸಿ, ಬಳಸಬಾರದೆಂದು ಕೆಂಪು ಚೀಟಿ ಕಟ್ಟಿದೆ. ಉದಯ್ ಸರ್ ಅದನ್ನು ಕಿತ್ತರು. ಗಿರಾಕಿಗಳ ಮುಂದೆ ಇದು ನೇತಾಡ್ತಿದ್ರೆ ಮರ್ಯಾದೆ ಏನಾಗತ್ತೆ, ಆರ್ಡರ್ ಹೋದ್ರೆ ನಿಮ್ಮಪ್ಪ ತಂದ್ಕೊಡ್ತಾರಾ ಎಂದು ರೇಗಿದರು. ಆಮೇಲೆ, ಹೋಗಿ ಹೊಸ ವಾಲ್ವ್ ತಗೊಂಡ್ ಬಾ, ಹಾಕಿದ ಮೇಲೇ ತೋರಿಸ್ತೀನಿ ಎಂದು ನನ್ನನ್ನು ಗೋದಾಮಿಗೆ ಕಳಿಸಿದರು. ನಾನು ನಂಬಿದೆ. ಹೃಷಿಕೇಶ ಆಗಿನ್ನೂ ಬಂದಿರಲಿಲ್ಲ.

10:20ಕ್ಕೆ ಮರಳಿದಾಗ ಆರು ಮಂದಿ ಗಿರಾಕಿಗಳು ಪ್ರೆಸ್ಸಿನ ಸುತ್ತ ನಿಂತಿದ್ದರು. ಬ್ರೆಡ್ ಪ್ಯಾಕ್ ಮಾಡುವಲ್ಲಿಂದ ಕಾರಿನ ಬಾಡಿ ವೆಲ್ಡ್ ಮಾಡುವವರೆಗೂ ಗಾಳಿ ವಾಲ್ವೇ ಬೇಕು, ಕಿಡಿ ಹಾರಲ್ಲ, ಪೇಂಟ್ ಶಾಪಿನಲ್ಲೂ ಭಯವಿಲ್ಲ ಎಂದು ಉದಯ್ ಸರ್ ಹೊಗಳುತ್ತಿದ್ದರು. ನಮ್ಮಲ್ಲಿ ಕೆಲಸ ಶುರುಮಾಡುವ ಮುನ್ನ ಯಂತ್ರಕ್ಕೆ ಬೆರಳು ತೋರಿಸಿ 'ಯೋಶಿ', ಅಂದರೆ ಎಲ್ಲ ಸರಿಯಿದೆ, ಎಂದು ಕೂಗುವ ಪದ್ಧತಿಯಿದೆ. ಪರೀಕ್ಷಿಸಿದವರೇ ಕೂಗಬೇಕು. ಉದಯ್ ಸರ್ ಹೃಷಿಕೇಶರಿಗೆ ಕನ್ನಡದಲ್ಲಿ, ನಾನು ಚೆಕ್ ಮಾಡಿದ್ದೀನಿ ಕಣೋ, ನೀನು ಜೋರಾಗಿ ಕೂಗು ಸಾಕು ಎಂದರು. ಹೃಷಿಕೇಶ ಕೂಗಿದರು. ಅಯ್ಯೋ ಬೇಡ ಎಂದು ನಾನು ಕಿರುಚುವಷ್ಟರಲ್ಲಿ ಅವರ ಕೈ ಒಳಗಿತ್ತು.

ತಟ್ಟೆ ಮೇಲೇಳಲಿಲ್ಲ. ನಾನು ಓಡಿ ಪೈಪ್ ಕಳಚಿ ಗಾಳಿ ಬಿಟ್ಟ ಮೇಲೆ ಕೈ ಹೊರಬಂತು. ನಾಲ್ಕು ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆದಿದ್ದಾರೆ. ಆಂಬುಲೆನ್ಸ್ ಬರುವವರೆಗೂ ಹೃಷಿಕೇಶ ನೆಲದ ಮೇಲೆ ಕೂತು ಗಿರಾಕಿಗಳಿಗೆ ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಿದ್ದರು.

ಆಂಬುಲೆನ್ಸ್ ಹೋದ ಮೇಲೆ ಉದಯ್ ಸರ್ ತಟ್ಟೆ ಒರೆಸಿ, ಪೈಪ್ ಜೋಡಿಸಿ, ಗಿರಾಕಿಗಳಿಗೆ ತಲೆಬಾಗಿದರು. ಆತ ನೋಡದೆ ಯೋಶಿ ಎಂದ, ನೀವೇ ಕೇಳಿದಿರಿ, ವಾಲ್ವಿನಲ್ಲಿ ದೋಷವಿಲ್ಲ ಎಂದರು. ಗಿರಾಕಿಗಳ ಹಿರಿಯರಾದ ನಕಾನೊ ಸಾನ್, ಹಾಗಾದರೆ ಇನ್ನೊಮ್ಮೆ ತೋರಿಸಿ ಎಂದರು. ಉದಯ್ ಸರ್ ನನ್ನ ಕಡೆ ತಿರುಗಿ ಕನ್ನಡದಲ್ಲಿ, ಒಂದೇ ಒಂದ್ಸಲ ಕೈ ಇಡಮ್ಮಾ, ಮಾನ ಉಳಿಸು ಎಂದರು.

ನನ್ನ ಮೈ ಉರಿದುಹೋಯಿತು. ವಾಲ್ವ್ ಸರಿಯಿದ್ದರೆ ನೀವೇ ಇಡಿ ಎಂದು ಎಲ್ಲರಿಗೂ ತಿಳಿಯುವಂತೆ ಜಪಾನಿ ಭಾಷೆಯಲ್ಲೇ ಹೇಳಿದೆ. ಉದಯ್ ಸರ್ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಆರೂ ಮಂದಿ ನೋಡಿದ್ದಾರೆ, ಕರೆಸಿ ಕೇಳಿ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಎಲ್ಲವೂ ಕಣ್ಣಾರೆ ಕಂಡ ಸತ್ಯ, ಒಂದು ಮಾತನ್ನೂ ಹಿಂದಕ್ಕೆ ಪಡೆಯುವುದಿಲ್ಲ.

ಸ್ಥಳ: ಹಮಾಮತ್ಸು
ದಿನಾಂಕ: 14 ಮೇ 2025
ಸಹಿ: ನಮ್ರತಾ ಕಲ್ಕೂರ