ಕಟ್ಟಿದ ಕೈ

ಲೆಬನಾನಿನ ಸೈದಾದಿಂದ ಬೈರೂತಿಗೆ ಹೊರಟ ಬಾಡಿಗೆ ಕಾರಿನಲ್ಲಿ ನಾನು ಮುಂದೆ ಕೂತಿದ್ದೆ. ಹಿಂದಿನ ಸೀಟಿನಲ್ಲಿ ವಯಸ್ಸಾದ ಗಂಡ ಹೆಂಡತಿ.

"ಕೂತಲ್ಲೇ ಮತ್ತೆ ಕೈ ಕಟ್ಟಿದ್ರಾ? ಶಿಯಾಗಳು ನಮಾಜಿಗೆ ನಿಂತಾಗ ಕೈ ಇಳಿಬಿಡ್ತಾರೆ ಅಂತ ಹೇಳಿಲ್ವಾ?" ಹೆಂಡತಿ ಗದರಿದಳು.

"ಹುಟ್ಟಿದಾಗಿನಿಂದ ಸುನ್ನಿ ಕಣೇ ನಾನು. ಒಂದೇ ಬೆಳಿಗ್ಗೆ ಕೈ ಬಿಡು ಅಂದ್ರೆ ಹೆಂಗೆ ಬಿಡ್ಲಿ?"

"ಶಿಯಾ ಕೋರ್ಟಿನ ಶೇಖ್ ಸಾಹೇಬ್ರ ಮುಂದೆ ಹಿಂಗೇ ನಿಂತ್ರೆ, ಇವರು ಆಸ್ತಿಗೋಸ್ಕರ ಬಂದಿದಾರೆ ಅಂದ್ಕೋತಾರೆ."

"ಮತ್ಯಾತಕ್ಕೆ ಬಂದಿರೋದು ನಾವು?"

"ಮೆಲ್ಲಗೆ ಮಾತಾಡಿ!"

ನಾನು ಕಿಟಕಿಯಾಚೆ ಸಮುದ್ರ ನೋಡತೊಡಗಿದೆ.

"ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ ಕಣೇ, ಹೈಫಾ."

"ಬರಲಿ, ಬಂದು ನಿಮ್ಮ ತಮ್ಮನಿಗೆ ಬುದ್ಧಿ ಹೇಳ್ಲಿ. ಅಣ್ಣನಿಗೆ ಗಂಡುಮಕ್ಕಳಿಲ್ಲ, ಸುನ್ನಿ ಕಾನೂನಲ್ಲಿ ನನಗೂ ಪಾಲಿದೆ ಅಂತ, ನೀವಿನ್ನೂ ಉಸಿರಾಡ್ತಿರುವಾಗ್ಲೇ ಬಂದು ಕೋಣೆ ಅಳೆದುಕೊಂಡು ಹೋದ್ನಲ್ಲ! ನೀವು ಶಿಯಾ ಆದ್ರೆ, ಅವರ ಕಾನೂನಲ್ಲಿ ಇಡೀ ಮನೆ ನಮ್ಮ ಹುಡುಗೀರದ್ದೇ."

"ದೇವ್ರು ಏನಂತಾನೋ?"

"ಏನಂತಾನೆ? ಎರಡೂ ಹೆಣ್ಣೇ ಕೊಟ್ಟವನು ಅವನೇ ತಾನೇ?"

ಬೈರೂತಿನ ಕಟ್ಟಡಗಳು ಕಾಣತೊಡಗಿದಾಗ ಯಜಮಾನರು ಮತ್ತೆ ಕೇಳಿದರು.

"ಸತ್ತಾಗ ನನ್ನನ್ನ ಯಾರ ಮಸೀದಿಗೆ ಒಯ್ತಾರೆ?"

"ನಿಮ್ಮ ಹೆಣ್ಣುಮಕ್ಕಳು ಎಲ್ಲಿಗೆ ಒಯ್ಯಿ ಅಂತಾರೋ ಅಲ್ಲಿಗೆ."

ಶಿಯಾ ನ್ಯಾಯಾಲಯದ ಮುಂದೆ ಕಾರು ನಿಂತಿತು. ಇಬ್ಬರೂ ಇಳಿದರು. ಬಾಗಿಲು ನೋಡಿದ್ದೇ ತಡ, ಯಜಮಾನರ ಎರಡೂ ಕೈ ತಾವಾಗಿಯೇ ಹೊಟ್ಟೆಯ ಮೇಲೆ ಸೇರಿಕೊಂಡವು. ಆಕೆ ಈ ಸಲ ಬೈಯಲಿಲ್ಲ. ಮೇಲಿದ್ದ ಬಲಗೈಯನ್ನು ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡು ಒಳಗೆ ನಡೆದಳು. ಒಂಟಿಯಾದ ಎಡಗೈ ಮೆಲ್ಲಗೆ ಪಕ್ಕಕ್ಕೆ ಇಳಿಬಿತ್ತು.