ಉರಿಯದ ಕಾಗದ

ಸಂಜೆ ಶುರುವಾದ ಮಳೆ ರಾತ್ರಿಯಾದರೂ ಬಿಡಲಿಲ್ಲ. ಲಾಂಡ್ರಿಯ ಮುಂಬಾಗಿಲು ಹಾಕಿ, ಹಿಂದಿನ ಕೋಣೆಯಲ್ಲಿ ನೀರು ಕಾಯಿಸುವ ದೊಡ್ಡ ಒಲೆಯ ಸುತ್ತ ನಾವು ನಾಲ್ಕೈದು ಹೆಂಗಸರು ಕೂತೆವು. ಕರೆಂಟೂ ಹೋಗಿತ್ತು. ನಮ್ಮೆಲ್ಲರಿಗಿಂತ ಹಳಬಳಾದ ಇಸ್ತ್ರಿ ಅಜ್ಜಿ ಒಲೆಗೊಂದು ಸೌದೆ ನೂಕಿ, ಯಾರೂ ಕೇಳದಿದ್ದರೂ ಮಾತು ತೆಗೆದಳು.

"ನೀನು ಕೂತಿದೀಯಲ್ಲ, ಅದೇ ಮೂಲೇಲಿ ಗುಂಡಿಯಮ್ಮ ಕೂರ್ತಿದ್ಲು ಕಣೇ. ಒಗೆಯೋವಾಗ ಕಿತ್ತುಹೋದ ಗುಂಡಿ ಹೊಲಿಯೋ ಕೆಲಸ, ಅದಕ್ಕೇ ಆ ಹೆಸರು. ಅವಳ ಮದುವೆ ಗೊತ್ತಾದಾಗ ಸ್ವಂತ ಅಕ್ಕನೇ ಗಂಡಿನ ಮನೆಗೆ ಹೋಗಿ, 'ನಮ್ಮ ಹುಡುಗಿಗೆ ಫಿಟ್ಸ್ ಬರುತ್ತೆ' ಅಂತ ಹೇಳಿ ಬಂದ್ಲು. ಶುದ್ಧ ಸುಳ್ಳು. ಯಾಕೆ ಹೇಳಿದ್ಲೋ... ತಂಗಿ ದುಡಿಮೆ ಕೈತಪ್ಪುತ್ತೆ ಅಂತಿರಬೇಕು. ಮದುವೆ ಮುರೀತು. ಇವಳು ಅಕ್ಕನ ಜೊತೆ ಮಾತು ಬಿಟ್ಲು. ಮತ್ತೆ ಮಾತಾಡೋ ಮುಂಚೆನೇ ಅಕ್ಕ ಜ್ವರ ಬಂದು ಸತ್ಲು.

"ಆಮೇಲೆ ಇವಳಿಗೆ ನಿದ್ದೆ ಇಲ್ಲ, ಊಟ ಸೇರಲ್ಲ. ಡಾಕ್ಟರಮ್ಮ ಅಂದ್ರು, 'ಮನಸ್ಸಲ್ಲಿರೋದನ್ನೆಲ್ಲ ಅಕ್ಕನಿಗೆ ಕಾಗದ ಬರಿ, ಬರೆದು ಸುಟ್ಟುಬಿಡು, ಹಗುರಾಗ್ತೀಯ.' ದಿನಾ ಕೆಲಸ ಮುಗಿದ ಮೇಲೆ ಬರೆಯೋಳು, ಬೈದು ಬೈದು, ಅತ್ತು ಅತ್ತು ಬರೆಯೋಳು, ಈ ಒಲೆಗೆ ಹಾಕೋಳು. ನಿಜಕ್ಕೂ ಹಗುರಾದ್ಲು, ನಗೋಕೂ ಶುರು ಮಾಡಿದ್ಲು. ಒಂದಿನ 'ಸಾಕು ಅಕ್ಕ, ನನ್ನಲ್ಲಿನ್ನು ಏನೂ ಉಳಿದಿಲ್ಲ' ಅಂತ ಬರೆದು ಮುಗಿಸಿದ್ಲು.

"ಮಾರನೇ ಸಂಜೆ ಅಕ್ಕ ಬಂದ್ಲು...

"ರಕ್ತ ಗಿಕ್ತ ಏನಿಲ್ಲ. ಬಟ್ಟೆ ಕೊಡೋ ಕಿಟಕಿ ಹತ್ರ, ರಸೀದಿ ಕಳಕೊಂಡೋರ ಥರ ನಿಂತಿದ್ಲಂತೆ. 'ಇವತ್ತು ನಂಗೆ ಕಾಗದ ಇಲ್ವೇನೇ?' ಅಂದ್ಲಂತೆ. ಅಲ್ಲಿ ಬರೀ ಕತ್ತಲೆಯಂತೆ, ಯಾರೂ ಮಾತಾಡಿಸಲ್ವಂತೆ, ಬೈಗುಳವಾದ್ರೂ ಸರಿ, ಇವಳದೊಂದೇ ದನಿ ಕೇಳ್ತಿತ್ತಂತೆ.

"ಗುಂಡಿಯಮ್ಮ ಕರಗಿಹೋದ್ಲು. ಪ್ರೀತಿಯಿಂದ ಬರೆದ್ಲು. ಒಲೆಗೆ ಹಾಕಿದ್ರೆ... ಕಾಗದ ಹತ್ತಲೇ ಇಲ್ಲ. ಕೆಂಡದ ಮೇಲೆ ಬೆಳ್ಳಗೆ ಮಲಗಿತ್ತು, ನಾನೇ ಕಣ್ಣಾರೆ ನೋಡಿದೀನಿ. ನೋವಿದ್ದ ಕಾಗದ ಮಾತ್ರ ಉರಿಯೋದು, ಉರಿದ್ರೇ ಅಕ್ಕನಿಗೆ ಮುಟ್ಟೋದು. ಏನು ಮಾಡ್ತಾಳೆ ಹೇಳಿ? ಮರೆತಿದ್ದನ್ನೆಲ್ಲ ಕೆದಕಿ ಕೆದಕಿ, ಆರಿದ ಗಾಯ ಮತ್ತೆ ಹುಣ್ಣು ಮಾಡ್ಕೊಂಡು ಬರೆದ್ಲು. ಕೊನೆಗೆ ಬತ್ತಿಹೋಗಿ, ಸೂಜಿ ಕೈಯಲ್ಲಿರೋ ಹಾಗೇ ಹೋಗಿಬಿಟ್ಲು."

ಅಜ್ಜಿ ಒಲೆಯ ಕೆಂಡ ಕೆದಕಿದಳು. "ಆಮೇಲೆ ಆ ಅಕ್ಕ?" ಎಂದು ನಮ್ಮಲ್ಲೊಬ್ಬಳು ಕೇಳಿದಳು.

"ಅವಳಿಗೆ ತಂಗಿ ಸತ್ತಿದ್ದು ಗೊತ್ತಿಲ್ಲ. ಬರ್ತಾಳೆ, ಕಿಟಕಿ ಹತ್ರ ನಿಲ್ತಾಳೆ. ಇಷ್ಟು ವರ್ಷ ನಾನೇ ಬರೀತಿದ್ದೆ, ನನ್ನ ನೋವು. ಯಾರದ್ದಾದ್ರೂ ಉರಿಯುತ್ತೆ. ಈ ಮಳೆಗಾಲಕ್ಕೆ ನಂದೂ ಮುಗೀತು."

ಅವಳು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದಳು.

"ನಿಮ್ಮಲ್ಲಿ ಯಾರಿಗಾದ್ರೂ ಅಕ್ಕ ಇದಾಳೇನ್ರೇ... ಮಾತು ಬಿಟ್ಟಿರೋ ಅಕ್ಕ?"